ಮಾರಿಸ್ ಮೈನರ್‌ಗೆ ರೇಡಿಯೊ ಏರಿಯಲ್: ಕಡ್ಡಿಗಿಂತ ಬಾಡಿಯ ಕೆಲಸವೇ ಜಾಸ್ತಿ

ಹಳೇ ಕಾರಿಗೆ ಏರಿಯಲ್ (ರೇಡಿಯೊ ಆಂಟೆನಾ) ಹಾಕುವುದು ಎಂದರೆ ಮಡ್‌ಗಾರ್ಡಿಗೆ ತೂತು ಕೊರೆದು ಕಡ್ಡಿ ನಿಲ್ಲಿಸುವುದು, ಅಷ್ಟೇ ಎಂದು ನಮ್ಮಲ್ಲಿ ಹಲವರ ಲೆಕ್ಕ. ಆದರೆ ಕಡ್ಡಿ ಅರ್ಧ ಏರಿಯಲ್ ಮಾತ್ರ. ಉಳಿದರ್ಧ ಕಾರಿನ ಬಾಡಿ. ರೇಡಿಯೊ ಅಳೆಯುವುದು ಇವೆರಡರ ನಡುವೆ ಹುಟ್ಟುವ ಪುಟ್ಟ ವೋಲ್ಟೇಜನ್ನು. ಬಾಡಿಯ ಜೊತೆ ಸರಿಯಾದ ಸಂಪರ್ಕ ಇಲ್ಲದಿದ್ದರೆ ಎಷ್ಟು ದುಡ್ಡಿನ ಕಡ್ಡಿ ಹಾಕಿದರೂ ಬರುವುದು ಬರೀ ಗರಗರ ಸದ್ದು.

ಉದಾಹರಣೆಗೆ ಮಾರಿಸ್ ಮೈನರ್ ಇಟ್ಟುಕೊಳ್ಳೋಣ. 1948ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಕಾರು, ವಿನ್ಯಾಸ ಅಲೆಕ್ ಇಸಿಗೋನಿಸ್ ಅವರದು. ನಮ್ಮಲ್ಲಿ ಹಿಂದುಸ್ತಾನ್ ಮೋಟಾರ್ಸ್ ಇದನ್ನೇ 'ಬೇಬಿ ಹಿಂದುಸ್ತಾನ್' ಎಂಬ ಹೆಸರಲ್ಲಿ ಮಾರಿತ್ತು. ಇದನ್ನೇ ಆರಿಸಲು ಕಾರಣ ಇದೆ: ಏರಿಯಲ್ ವಿಷಯದಲ್ಲಿ ಕಲಿಯಬೇಕಾದ ತೊಡಕುಗಳೆಲ್ಲ ಈ ಒಂದೇ ಕಾರಿನಲ್ಲಿ ಸಿಗುತ್ತವೆ.

ಎಷ್ಟು ಉದ್ದ?

ಕಡ್ಡಿ ತರಂಗದ ಉದ್ದದ ಕಾಲು ಭಾಗ ಇದ್ದರೆ ಒಳ್ಳೆಯದು ಎಂದು ಪಾಠದಲ್ಲಿ ಓದಿರುತ್ತೇವೆ. ಲೆಕ್ಕ ಸುಲಭ. 75ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಮೀಟರಿನಲ್ಲಿ ಉತ್ತರ ಬರುತ್ತದೆ. ಬೆಂಗಳೂರಿನ 101.3 ಎಫ್.ಎಂ.ಗೆ ಸುಮಾರು 74 ಸೆಂಟಿಮೀಟರ್. ಮಡಚುವ ಕಡ್ಡಿಯನ್ನು ಅಷ್ಟಕ್ಕೆ ಎಳೆದರೆ ಸಾಕು, ಪೂರ್ತಿ ಎಳೆಯಬೇಕಿಲ್ಲ.

ಈಗ ಅದೇ ಲೆಕ್ಕವನ್ನು ಆಕಾಶವಾಣಿ ಬೆಂಗಳೂರಿನ 612 ಕಿಲೋಹರ್ಟ್ಸ್‌ಗೆ ಹಾಕಿ. ಉತ್ತರ 122 ಮೀಟರ್! ಕಾರಿನ ಮೇಲೆ ಅಂಥದ್ದು ಹೇಗೆ ನಿಲ್ಲಿಸುತ್ತೀರಿ? ಹಾಗಾಗಿ ಮಧ್ಯಮ ತರಂಗಕ್ಕೆ ಕಾರಿನ ಕಡ್ಡಿ ಯಾವತ್ತೂ ತೀರಾ ಗಿಡ್ಡ. ಅಷ್ಟು ಗಿಡ್ಡದ ಕಡ್ಡಿ ಸರ್ಕ್ಯೂಟಿನ ಕಣ್ಣಿಗೆ ಒಂದು ಸಣ್ಣ ಕೆಪಾಸಿಟರ್ (ಚಾರ್ಜ್ ಹಿಡಿದಿಡುವ ಬಿಡಿಭಾಗ), ಅದರ ಅಳತೆ (ಕೆಪಾಸಿಟೆನ್ಸ್) ಮೀಟರ್ ಉದ್ದಕ್ಕೆ ಹೆಚ್ಚುಕಡಿಮೆ 10 ಪಿಕೊಫ್ಯಾರಡ್. ಈ ಸಂಖ್ಯೆ ನೆನಪಿಟ್ಟುಕೊಳ್ಳಿ, ಕೇಬಲ್ ಆರಿಸುವಾಗ ಬೇಕಾಗುತ್ತದೆ.

ಕಾರಿನ ಬಾಡಿಯೇ ಪ್ಲಸ್!

ಇದು ಎಲ್ಲಕ್ಕಿಂತ ಮುಖ್ಯವಾದ ಭಾಗ, ನಿಧಾನವಾಗಿ ಓದಿ. ಇವತ್ತಿನ ಕಾರುಗಳಲ್ಲಿ ಬ್ಯಾಟರಿಯ ಮೈನಸ್ ಬಾಡಿಗೆ ಸೇರಿರುತ್ತದೆ. ಮೈನರ್ ಸೇರಿದಂತೆ ಆ ಕಾಲದ ಎಷ್ಟೋ ಬ್ರಿಟಿಷ್ ಕಾರುಗಳಲ್ಲಿ ಉಲ್ಟಾ: ಪ್ಲಸ್ ಬಾಡಿಗೆ, ಮೈನಸ್ ವೈರುಗಳಲ್ಲಿ. ಈಗಿನ ರೇಡಿಯೊದಲ್ಲೋ, ತಗಡಿನ ಪೆಟ್ಟಿಗೆಯೂ ಏರಿಯಲ್ ಸಾಕೆಟ್ಟಿನ ಹೊರಸುತ್ತೂ ಒಳಗೇ ಮೈನಸ್‌ಗೆ ಸೇರಿರುತ್ತವೆ.

ಸಾಮಾನ್ಯವಾಗಿ ಜನ ಏನು ಮಾಡುತ್ತಾರೆ? ರೇಡಿಯೊದ ಕೆಂಪು ವೈರನ್ನು ಬಾಡಿಗೆ, ಕಪ್ಪು ವೈರನ್ನು ಕಾರಿನ ಲೈವ್‌ಗೆ (ಬಾಡಿಗೆ ಸೇರದ ಬ್ಯಾಟರಿ ತುದಿ, ಇಲ್ಲಿ ಮೈನಸ್) ಕೊಡುತ್ತಾರೆ. ಪೆಟ್ಟಿಗೆ ಬಾಡಿಗೆ ತಾಗದಂತೆ ಸುತ್ತ ರಬ್ಬರ್ ಇಡುತ್ತಾರೆ. ರೇಡಿಯೊ ಹಾಡುತ್ತದೆ, ಎಲ್ಲರಿಗೂ ಖುಷಿ. ಆಮೇಲೆ ಏರಿಯಲ್ ಪ್ಲಗ್ ಸಿಕ್ಕಿಸುತ್ತಾರೆ. ಪಟ್ ಅಂತ ಕಿಡಿ!

ಯಾಕೆ? ಏರಿಯಲ್ ಬುಡ ಬಾಡಿಗೆ ಕಚ್ಚಿಕೊಂಡಿದೆ, ಬಾಡಿ ಪ್ಲಸ್. ಏರಿಯಲ್ ಕೇಬಲ್ಲಿನ ಹೊರಸುತ್ತಿನ ಲೋಹದ ಜಾಲರಿ ಆ ಪ್ಲಸ್ಸನ್ನು ತಂದು ರೇಡಿಯೊದ ಮೈನಸ್ ಪೆಟ್ಟಿಗೆಗೆ ಮುಟ್ಟಿಸುತ್ತದೆ. ಬ್ಯಾಟರಿ ನೇರ ಶಾರ್ಟ್. ಇದರಲ್ಲಿ ಇನ್ನೂ ಒಂದು ಮೋಸ ಇದೆ. ರೇಡಿಯೊ ಜೊತೆ ಬಂದ ಫ್ಯೂಸ್ ಕೆಂಪು ವೈರಿನಲ್ಲಿ ಇರುತ್ತದೆ. ಈ ಶಾರ್ಟ್ ಹರಿಯುವ ದಾರಿಯಲ್ಲಿ ಕೆಂಪು ವೈರೇ ಇಲ್ಲ. ಹಾಗಾಗಿ ಆ ಫ್ಯೂಸ್ ಹಾರುವುದಿಲ್ಲ, ಕಪ್ಪು ವೈರ್ ಅಥವಾ ಏರಿಯಲ್ ಜಾಲರಿ ಸುಡುತ್ತದೆ.

ಪ್ಲಗ್ ಸಿಕ್ಕಿಸುವ ಮುಂಚೆ ಅರ್ಧ ನಿಮಿಷದ ಪರೀಕ್ಷೆ ಮಾಡಿ. ರೇಡಿಯೊ ಆನ್ ಇರಲಿ. ಮಲ್ಟಿಮೀಟರನ್ನು ವೋಲ್ಟ್‌ಗೆ ಇಟ್ಟು ಅದರ ಒಂದು ಮೊನೆಯನ್ನು ರೇಡಿಯೊ ಪೆಟ್ಟಿಗೆಗೆ, ಇನ್ನೊಂದನ್ನು ಏರಿಯಲ್ ಪ್ಲಗ್ಗಿನ ಹೊರಸುತ್ತಿಗೆ ಮುಟ್ಟಿಸಿ. ಸೊನ್ನೆ ಬಂದರೆ ಸರಿ. 12 ಬಂದರೆ ಕೈ ಹಿಂದಕ್ಕೆ ತೆಗೆಯಿರಿ.

ಪರಿಹಾರ ಮೂರು. ಆ ಕಾಲದ್ದೇ ಟ್ರಾನ್ಸಿಸ್ಟರ್ ಕಾರ್ ರೇಡಿಯೊ ಸಿಕ್ಕರೆ ನೋಡಿ, ಅವುಗಳಲ್ಲಿ ಹಲವಕ್ಕೆ ಹಿಂದುಗಡೆ ಪ್ಲಸ್-ಮೈನಸ್ ಬದಲಿಸುವ ಪ್ಲಗ್ ಇರುತ್ತದೆ. ಇಲ್ಲವೇ ಒಳಬದಿಗೂ ಹೊರಬದಿಗೂ ಸಂಪರ್ಕವೇ ಇಲ್ಲದ ಐಸೊಲೇಟೆಡ್ ಕನ್ವರ್ಟರ್ ಹಾಕಬಹುದು. ಮೂರನೆಯದು ಕಾರನ್ನೇ ಮೈನಸ್ ಅರ್ಥ್‌ಗೆ, ಅಂದರೆ ಮೈನಸ್ ಬಾಡಿಗೆ ಸೇರುವಂತೆ, ತಿರುಗಿಸುವುದು: ಬ್ಯಾಟರಿ ಕೇಬಲ್ ಅದಲುಬದಲು, ಕಿಡಿ ಹುಟ್ಟಿಸುವ ಇಗ್ನಿಷನ್ ಕಾಯಿಲಿನ ಎರಡು ಸಣ್ಣ ವೈರ್ ಅದಲುಬದಲು, ಕೊನೆಗೆ ಬ್ಯಾಟರಿ ಚಾರ್ಜ್ ಮಾಡುವ ಡೈನಮೊಗೆ ಹೊಸ ದಿಕ್ಕು ಕಲಿಸುವುದು. ಈ ಕೊನೆಯದಕ್ಕೆ ಡೈನಮೊದ 'ಎಫ್' ವೈರ್ ಬಿಚ್ಚಿ, ಬ್ಯಾಟರಿಯ ಲೈವ್‌ನಿಂದ ತಂದ ವೈರನ್ನು ಆ 'ಎಫ್' ಟರ್ಮಿನಲ್ಲಿಗೆ ಕ್ಷಣಕಾಲ ಮೂರ್ನಾಲ್ಕು ಸಲ ತಾಗಿಸಬೇಕು. ಕಾರಿನೊಳಗಿನ ಪೆಟ್ರೋಲ್ ಪಂಪಿನಲ್ಲಿ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಇದೆಯಾ ಅನ್ನುವುದನ್ನು ಮೊದಲೇ ನೋಡಿಕೊಳ್ಳಿ, ಇದ್ದರೆ ಅದನ್ನೂ ತಿರುಗಿಸಬೇಕು. ನನ್ನ ಆಯ್ಕೆ ಮೊದಲನೆಯದು. ಹಳೇ ಡ್ಯಾಶ್‌ಬೋರ್ಡಿನಲ್ಲಿ ನೀಲಿ ದೀಪ ಮಿನುಗುವ ರೇಡಿಯೊ ನೋಡಿದರೆ ಕಣ್ಣಿಗೆ ಕಸ ಬಿದ್ದಂತೆ ಆಗುತ್ತದೆ.

ಜಾಗ, ತೂತು, ಅರ್ಥ್

ಡ್ರೈವರ್ ಸೀಟಿನಲ್ಲಿ ಕೂತು ನೋಡಿದರೆ ಮೈನರ್ ಎಂಜಿನ್ನಿನ ಬಲಕ್ಕೆ ಡಿಸ್ಟ್ರಿಬ್ಯೂಟರ್, ಸ್ಪಾರ್ಕ್ ಪ್ಲಗ್, ಡೈನಮೊ. ರೇಡಿಯೊದಲ್ಲಿ ಹೆಚ್ಚು ಗಲಾಟೆ ಎಬ್ಬಿಸುವವರೆಲ್ಲ ಒಂದೇ ಕಡೆ. ಆದ್ದರಿಂದ ಏರಿಯಲ್ ಎಡ ಮಡ್‌ಗಾರ್ಡಿಗೆ ಹೋಗಲಿ. ಫುಟ್‌ಪಾತ್ ಕಡೆ ಅಲ್ವಾ, ಯಾರಾದರೂ ಮುರಿಯುತ್ತಾರೆ ಎನ್ನುವ ಭಯ ಸುಳ್ಳಲ್ಲ. ಅದಕ್ಕೇ ಒಳಗೆ ಮಡಚಿಕೊಳ್ಳುವ ಕಡ್ಡಿ ತಗೊಳ್ಳಿ.

ಮೈನರಿನ ಮುಂದಿನ ಮಡ್‌ಗಾರ್ಡ್ ಬೆಸುಗೆಯದ್ದಲ್ಲ, ಬೋಲ್ಟಿನದ್ದು. ಕೊರೆಯಲು ಮನಸ್ಸು ಬಾರದವರಿಗೆ ಇದೊಂದು ಸಮಾಧಾನ: ಮುಂದೆ ಬೇಡವೆನಿಸಿದರೆ ಮಡ್‌ಗಾರ್ಡನ್ನೇ ಬದಲಿಸಬಹುದು. ಆದರೆ ಅದೇ ಬೋಲ್ಟುಗಳಿಂದ ತೊಂದರೆಯೂ ಇದೆ. ಮಡ್‌ಗಾರ್ಡ್ ಮತ್ತು ಬಾಡಿ ಮಧ್ಯೆ ಅಂಚುಪಟ್ಟಿ, ಮೇಲೆ ಪೇಂಟ್, ಬೋಲ್ಟಿಗೆ ತುಕ್ಕು. ನೋಡಲು ಒಂದೇ ಲೋಹ, ಕರೆಂಟಿಗೆ ಎರಡು. ಏರಿಯಲ್ ಬುಡದಿಂದ ಬಾಡಿಯ ಗಟ್ಟಿ ಜಾಗಕ್ಕೆ ಹೆಣೆದ ತಾಮ್ರದ ಪಟ್ಟಿ ಎಳೆದುಬಿಡಿ. ಇನ್ನೊಂದು ಮಾತು, ಮೊದಲು ಮ್ಯಾಗ್ನೆಟ್ ಇಟ್ಟು ನೋಡಿ. ಈ ಕಾರಿಗೆ ಫೈಬರ್‌ಗ್ಲಾಸ್ ಮಡ್‌ಗಾರ್ಡ್‌ಗಳೂ ಮಾರಾಟಕ್ಕಿವೆ. ಮ್ಯಾಗ್ನೆಟ್ ಹಿಡಿಯದಿದ್ದರೆ ಅಲ್ಲಿ ಅರ್ಥ್ ಎನ್ನುವುದೇ ಇಲ್ಲ, ಜಾಗ ಬದಲಿಸಿ.

ತೂತು ಕೊರೆಯುವಾಗ ಪೇಂಟಿನ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ, ಪಂಚ್‌ನಿಂದ ಗುರುತು ಹೊಡೆದು, 3 ಮಿಲಿಮೀಟರಿನಿಂದ ಶುರು ಮಾಡಿ ಹಂತಹಂತವಾಗಿ ದೊಡ್ಡದು ಮಾಡಿ. ಮೇಲೆ ಕಾಣುವ ಅಂಚಿಗೆ ಪ್ರೈಮರ್ ಬಳಿಯಿರಿ. ಕೆಳಗಡೆ, ಏರಿಯಲ್ ಬುಡದ ಹಲ್ಲುಗಳು ಕಚ್ಚುವ ಜಾಗದಲ್ಲಿ ಮಾತ್ರ ಪೇಂಟ್ ಕೆರೆದು ಹೊಳೆಯುವ ತಗಡು ಕಾಣಬೇಕು. ಬಿಗಿ ಮಾಡಿದ ಮೇಲೆ ಅದರ ಸುತ್ತ ದಪ್ಪಗೆ ಗ್ರೀಸ್ ಮೆತ್ತಿ, ಯಾಕೆಂದರೆ ಅದು ಚಕ್ರದ ಕೆಸರು ನೇರ ಹಾರುವ ಜಾಗ.

ಕೇಬಲ್

ಮನೆಯಲ್ಲಿ ಉಳಿದ ವೈರ್‌ಲೆಸ್ ಸೆಟ್ಟಿನ 50 ಓಮ್ ಕೇಬಲ್ ಹಾಕಿದರೆ ಆಗಲ್ವಾ? ಎಫ್.ಎಂ.ಗೆ ಹೇಗೋ ನಡೆಯುತ್ತದೆ. ಮಧ್ಯಮ ತರಂಗಕ್ಕೆ ನಡೆಯದು. ಆ ಕೇಬಲ್ಲಿನ ಕೆಪಾಸಿಟೆನ್ಸ್ ಮೀಟರಿಗೆ ಸುಮಾರು 100 ಪಿಕೊಫ್ಯಾರಡ್. ಒಂದೂವರೆ ಮೀಟರಿಗೆ 150. ನಮ್ಮ ಕಡ್ಡಿಯದು 10 ಎಂದು ಆಗಲೇ ನೋಡಿದೆವು. ಸಿಗ್ನಲ್ ಈ ಎರಡರ ನಡುವೆ ಹಂಚಿಹೋಗುವುದರಿಂದ ರೇಡಿಯೊವರೆಗೆ ತಲುಪುವ ಪಾಲು 10/(10+150), ಅಂದರೆ ನೂರಕ್ಕೆ ಆರು. ಕಾರ್ ಏರಿಯಲ್ಲಿಗೆಂದೇ ಮಾಡಿದ, ಒಳಗೆ ಗಾಳಿ ತುಂಬಿದ ಕೇಬಲ್ಲಿನಲ್ಲಿ ಮೀಟರಿಗೆ ಸುಮಾರು 30. ಆಗ ಪಾಲು 10/(10+45), ನೂರಕ್ಕೆ ಹದಿನೆಂಟು. ಮೂರು ಪಟ್ಟು ವ್ಯತ್ಯಾಸ, ಬರೀ ವೈರಿನಿಂದ! ಅದಕ್ಕೇ ಏರಿಯಲ್ ಜೊತೆ ಬಂದ ಕೇಬಲ್ಲನ್ನು ಕತ್ತರಿಸಿ ಸುಮ್ನೆ ಯಾವುದೋ ವೈರ್ ಬೆಸೆಯಬೇಡಿ.

ಜೋಡಿಸಿದ ಮೇಲೆ, ರೇಡಿಯೊಗೆ ಸಿಕ್ಕಿಸುವ ಮುಂಚೆ, ಮಲ್ಟಿಮೀಟರನ್ನು ಓಮ್‌ಗೆ ಇಟ್ಟು ಅಳೆಯಿರಿ. ಕಡ್ಡಿಯ ತುದಿಯಿಂದ ಪ್ಲಗ್ಗಿನ ನಡುಮೊಳೆಗೆ ಹೆಚ್ಚುಕಡಿಮೆ ಸೊನ್ನೆ. ನಡುಮೊಳೆಗೂ ಹೊರಸುತ್ತಿಗೂ ಸಂಪರ್ಕವೇ ಇರಬಾರದು. ಹೊರಸುತ್ತಿನಿಂದ ಬಾಡಿಗೆ ಒಂದು ಓಮ್‌ಗಿಂತ ಕಡಿಮೆ.

ಇನ್ನು ಟ್ರಿಮ್ಮರ್, ಅಂದರೆ ರೇಡಿಯೊವನ್ನು ಈ ಏರಿಯಲ್ಲಿಗೆ ಹೊಂದಿಸುವ ಸ್ಕ್ರೂ. ಹಳೇ ರೇಡಿಯೊಗಳಲ್ಲಿ ಏರಿಯಲ್ ಸಾಕೆಟ್ ಹತ್ತಿರ ಒಂದು ಸಣ್ಣ ಸ್ಕ್ರೂ ಇರುತ್ತದೆ. ಕಡ್ಡಿ ಪೂರ್ತಿ ಎಳೆದು, ಮುಳ್ಳನ್ನು 1400 ಕಿಲೋಹರ್ಟ್ಸ್ ಆಸುಪಾಸು ಯಾವುದಾದರೂ ಸಣಕಲು ಸ್ಟೇಷನ್ನಿಗೆ ಇಟ್ಟು, ದನಿ ಅತಿ ಜೋರಾಗುವವರೆಗೆ ಆ ಸ್ಕ್ರೂ ತಿರುಗಿಸಿ. ಸ್ಟೇಷನ್ ಸಿಗದಿದ್ದರೆ ಬರೀ ಸುಯ್ ಸದ್ದಿನ ಏರಿಳಿತ ಕೇಳಿಕೊಂಡೇ ಮಾಡಬಹುದು. ಹೊಸ ಏರಿಯಲ್ ಹಾಕಿದವರು ಮರೆಯುವುದು ಇದನ್ನೇ.

ಎಂಜಿನ್ ಶುರುವಾದ ಮೇಲೆ

ಎಂಜಿನ್ ಆಫ್ ಇದ್ದಾಗ ಚೆನ್ನಾಗಿದ್ದು, ಸ್ಟಾರ್ಟ್ ಆದ ಕೂಡಲೇ ಗಲಾಟೆ ಬಂದರೆ, ಏರಿಯಲ್ ಪ್ಲಗ್ ಕಿತ್ತು ನೋಡಿ. ಸದ್ದು ನಿಂತರೆ ಅದು ಏರಿಯಲ್ ಮೂಲಕ ಬರುತ್ತಿದೆ, ಅರ್ಥ್ ಮತ್ತೆ ಪರೀಕ್ಷಿಸಿ, ಬಾನೆಟ್‌ನಿಂದ ಬಾಡಿಗೂ ಒಂದು ತಾಮ್ರದ ಪಟ್ಟಿ ಹಾಕಿ. ನಿಲ್ಲದಿದ್ದರೆ ಪವರ್ ವೈರಿನಿಂದ ಬರುತ್ತಿದೆ.

ಆಕ್ಸಿಲರೇಟರ್ ಜೊತೆ ಏರುವ ಕುಂಯ್ ದನಿ ಡೈನಮೊದ್ದು. ಅದರ ದೊಡ್ಡ 'ಡಿ' ಟರ್ಮಿನಲ್ಲಿನಿಂದ ಬಾಡಿಗೆ 1 ಮೈಕ್ರೊಫ್ಯಾರಡ್ ಕೆಪಾಸಿಟರ್ ಹಾಕಿ. 'ಎಫ್'ಗೆ ಬೇಡವೇ ಬೇಡ. ಚಟಪಟ ಸದ್ದು ಇಗ್ನಿಷನ್ನಿನದ್ದು. ಇನ್ನೊಂದು ಕೆಪಾಸಿಟರನ್ನು ಕಾಯಿಲಿನ ಸ್ವಿಚ್ ಕಡೆಯ ಟರ್ಮಿನಲ್ಲಿಗೆ ಕೊಡಿ, ಡಿಸ್ಟ್ರಿಬ್ಯೂಟರಿನ ಪಾಯಿಂಟ್ ಕಡೆಗೆ ಕೊಟ್ಟರೆ ಕಿಡಿಯೇ ಕೆಡುತ್ತದೆ. ಜೊತೆಗೆ ರೆಸಿಸ್ಟರ್ ಇರುವ ಸ್ಪಾರ್ಕ್ ಪ್ಲಗ್ ಕ್ಯಾಪ್ ಹಾಕಿ.

ಉಳಿಯುವುದು ಬಿಟ್ಟುಬಿಟ್ಟು ಬರುವ ಟಿಕ್ ಟಿಕ್. ಅದು ಕಾರಿನ ಎಸ್.ಯು. ಕಂಪನಿಯ ಎಲೆಕ್ಟ್ರಿಕ್ ಪೆಟ್ರೋಲ್ ಪಂಪಿನ ಪಾಯಿಂಟುಗಳು ಕೂಡಿ ಬಿಡುವ ಸದ್ದು. ಪಂಪಿನ ಪವರ್ ವೈರಿಗೂ ಒಂದು ಕೆಪಾಸಿಟರ್ ಹಾಕಿದರೆ ತಗ್ಗುತ್ತದೆ. ಎಂಜಿನ್ ಆಫ್ ಇದ್ದು ಕೀ ಮಾತ್ರ ಆನ್ ಇರುವಾಗ ಆ ಟಿಕ್ ಟಿಕ್ ಒಂದೇ ಸಮನೆ ಹೊಡೆದುಕೊಳ್ಳುತ್ತಿದ್ದರೆ ರೇಡಿಯೊ ಬಿಡಿ, ಪೆಟ್ರೋಲ್ ಎಷ್ಟಿದೆ ನೋಡಿ. ಟ್ಯಾಂಕ್ ಖಾಲಿಯಾಗಿರಬೇಕು, ಇಲ್ಲವೇ ಪೈಪಿನಲ್ಲಿ ಎಲ್ಲೋ ಗಾಳಿ ಎಳೆಯುತ್ತಿರಬೇಕು.