ಮಂಗಳವಾರ ಫೋನ್ ಎತ್ತಿದ್ದು ಯಾರಿಗೆ ಬೇಕು?

ಕೋರ್ಟಿನಲ್ಲಿ ವಾದ ಕೇಳಿ ತೀರ್ಪು ಕೊಡಲು ನ್ಯಾಯಾಧೀಶರಿರುತ್ತಾರೆ. ಮನೆಯಲ್ಲಿ ಯಾರಿದ್ದಾರೆ? ಆದರೂ ಗಂಡ ಹೆಂಡತಿ, ಅಪ್ಪ ಮಗಳು, ಅಣ್ಣ ತಮ್ಮ ಎಲ್ಲರೂ ಪಾಟಿಸವಾಲಿಗೆ ಇಳಿದುಬಿಡುತ್ತಾರೆ. ಕೌಟುಂಬಿಕ ಸಮಾಲೋಚಕಿಯಾಗಿ ನಾನು ದಿನವೂ ನೋಡುವುದು ಇದನ್ನೇ. ಒಂದು ಉದಾಹರಣೆ ಕೊಡುತ್ತೇನೆ, ಗುರುತು ಸಿಗದಂತೆ ಬದಲಿಸಿ.

“ನಾನು ಫೋನ್ ಮಾಡಿದ್ರೆ ನೀವು ಯಾವತ್ತೂ ಎತ್ತಲ್ಲ,” ಎಂದರು ಹೆಂಡತಿ.

“ಯಾವತ್ತೂ ಅಂದ್ರೆ? ಮಂಗಳವಾರ ಎತ್ತಿರ್ಲಿಲ್ವಾ?”

“ಅದೂ ಮೂರು ಸಲ ಮಾಡಿದ ಮೇಲೆ.”

“ಮೂರಲ್ಲ, ಎರಡು. ಬೇಕಾದ್ರೆ ನೋಡು.”

ಗಂಡ ಫೋನ್ ತೆಗೆದು ತೋರಿಸಿಯೇ ಬಿಟ್ಟರು. ಲೆಕ್ಕ ಅವರದೇ ಸರಿ ಇತ್ತು. ತರ್ಕದ ಪ್ರಕಾರವೂ ಗೆದ್ದಿದ್ದು ಅವರೇ. ‘ಯಾವತ್ತೂ ಇಲ್ಲ’ ಎಂಬ ಮಾತನ್ನು ಬೀಳಿಸಲು ಒಂದೇ ಒಂದು ಮಂಗಳವಾರ ಸಾಕು. ಆದರೆ ಹೆಂಡತಿ ಹೇಳಲು ಬಂದಿದ್ದು ಶುಕ್ರವಾರದ ವಿಷಯ. ಅವತ್ತು ರಕ್ತ ಪರೀಕ್ಷೆಯ ರಿಪೋರ್ಟ್ ಕೈಗೆ ಬಂದಿತ್ತು. ಅದನ್ನು ನೋಡಿ ಗಾಬರಿಯಾಗಿ ಗಂಡನಿಗೆ ಫೋನ್ ಮಾಡಿದ್ದರು. ಅವರು ಎತ್ತಲಿಲ್ಲ. ನನ್ನ ಮುಂದೆ ಕೂತು ಹತ್ತು ನಿಮಿಷವಾದರೂ ಶುಕ್ರವಾರದ ಸುದ್ದಿಯೇ ಬರಲಿಲ್ಲ. ಇಬ್ಬರೂ ಮಂಗಳವಾರದಲ್ಲೇ ಸಿಕ್ಕಿಹಾಕಿಕೊಂಡಿದ್ದರು.

ಇಂಥ ಕಡೆ ಸಾಮಾನ್ಯವಾಗಿ ಬುದ್ಧಿ ಹೇಳುವುದು ದೂರುವವರಿಗೆ. ‘ಯಾವತ್ತೂ’ ಅನ್ನಬೇಡಿ, ನಡೆದದ್ದನ್ನಷ್ಟೇ ಹೇಳಿ, ನಿಮಗೆ ಏನನ್ನಿಸಿತು ಅದನ್ನು ಹೇಳಿ ಎಂದು. ಒಳ್ಳೆಯ ಸಲಹೆಯೇ, ನಾನೂ ಕೊಡುತ್ತೇನೆ. ಆದರೆ ನನ್ನ ಮಟ್ಟಿಗೆ ಹೆಚ್ಚಿನ ಹೊಣೆ ಕೇಳುವವರದ್ದು. ಗಾಬರಿಯಾದವರ ಬಾಯಲ್ಲಿ ಅಳೆದು ತೂಗಿದ ಮಾತು ಬರಲ್ಲ. ಅದು ಕೇಳುವವರಿಗೂ ಗೊತ್ತಿರುತ್ತದೆ. ಗೊತ್ತಿದ್ದೂ ಆ ಒಂದು ಪದವನ್ನೇ ಹಿಡಿದು ಜಗ್ಗುತ್ತಾರಲ್ಲ, ಅಲ್ಲೇ ಮಾತು ಹಳಿ ತಪ್ಪುವುದು.

ನ್ಯಾಯಶಾಸ್ತ್ರ, ಅಂದರೆ ತರ್ಕದ ಶಾಸ್ತ್ರ, ಬರೆದ ನಮ್ಮ ಹಿರಿಯರು ಇದನ್ನು ಬಹಳ ಹಿಂದೆಯೇ ಗುರುತಿಸಿದ್ದರು. ಅವರ ಲೆಕ್ಕದಲ್ಲಿ ಚರ್ಚೆ ಮೂರು ಬಗೆ. ನಿಜ ತಿಳಿಯಲು ಮಾಡುವುದು ವಾದ. ಗೆಲ್ಲಲೆಂದೇ ಮಾಡುವುದು ಜಲ್ಪ. ತನ್ನದೊಂದು ನಿಲುವು ಇಡದೆ ಎದುರಿನವರದ್ದನ್ನು ಕೆಡವುತ್ತಾ ಹೋಗುವುದು ವಿತಂಡ. ಹೇಳಿದವರ ಮನಸ್ಸಿನಲ್ಲಿ ಇಲ್ಲದ ಅರ್ಥವನ್ನು ಅವರ ಮಾತಿಗೆ ಅಂಟಿಸಿ ಖಂಡಿಸುವುದನ್ನು ಅವರು ಜಲ್ಪದ ತಂತ್ರಗಳ ಸಾಲಿಗೆ ಸೇರಿಸಿದರು. ವಾದದಲ್ಲಿ ಅದಕ್ಕೆ ಜಾಗ ಇಲ್ಲ. ಆ ಫೋನಿನ ಲೆಕ್ಕ ಎಲ್ಲಿಗೆ ಸೇರುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ನಾನು ಗಂಡನಿಗೆ ಒಂದು ಕೆಲಸ ಕೊಟ್ಟೆ. ಉತ್ತರ ಆಮೇಲೆ ಕೊಡಿ. ಮೊದಲು ನಿಮ್ಮ ಹೆಂಡತಿಯ ಮಾತನ್ನು ನೀವೇ ಹೇಳಿ. ಅವರು ‘ಹೌದು’ ಅನ್ನುವವರೆಗೂ ಹೇಳಿ. ಗಂಡ ಸ್ವಲ್ಪ ಹೊತ್ತು ಸುಮ್ಮನಿದ್ದು, “ರಿಪೋರ್ಟ್ ನೋಡಿ ಹೆದರಿದ್ದೆ, ಅಲ್ವಾ?” ಎಂದರು.

“ರಿಪೋರ್ಟಿಗೆ ಅಷ್ಟು ಹೆದರಲಿಲ್ಲ. ಸಂಜೆ ತನಕ ನಿಮಗೆ ಹೇಳದೆ ಇರಬೇಕಲ್ಲ ಅಂತ.”

ಗಂಡನ ಊಹೆ ತಪ್ಪಿತ್ತು. ಅದರಿಂದ ನಷ್ಟವೇನೂ ಆಗಲಿಲ್ಲ. ತಪ್ಪು ಊಹೆಯನ್ನು ತಿದ್ದುವಾಗಲೇ ಹೆಂಡತಿಯ ಬಾಯಿಂದ ನಿಜವಾದ ಮಾತು ಬಂತು. ಎದುರಿನವರ ಮಾತನ್ನು ತಿರುಗಿ ಹೇಳುವುದೆಂದರೆ ಗಿಣಿಪಾಠ ಒಪ್ಪಿಸಿದಂತೆ ಎಂದು ಕೆಲವರು ಮೂಗು ಮುರಿಯುತ್ತಾರೆ. ಪದಕ್ಕೆ ಪದ ಒಪ್ಪಿಸಿದರೆ ಅದು ಗಿಣಿಪಾಠವೇ. ಅವರು ಹೇಳದೆ ಬಿಟ್ಟದ್ದನ್ನು ಹುಡುಕಿ ಹೇಳಲು ಹೊರಟರೆ ಕೆಲಸ ಕಷ್ಟದ್ದು, ಫಲವೂ ಜಾಸ್ತಿ.

ಇದಕ್ಕೆಲ್ಲ ತಲೆ ತಣ್ಣಗಿರಬೇಕು. ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ದಂಪತಿಗಳನ್ನು ಮಾತಿಗೆ ಕೂರಿಸಿ, ಅವರ ಎದೆಬಡಿತವನ್ನೂ ಅಳೆದು ನೋಡಿದವರು. ಬಡಿತ ನಿಮಿಷಕ್ಕೆ 100 ದಾಟಿತೆಂದರೆ ಮಾತು ಕಿವಿಗೆ ಬಿದ್ದರೂ ತಲೆಗೆ ಹೋಗುವುದು ಕಷ್ಟ ಎನ್ನುತ್ತಾರೆ ಅವರು. ಮೈ ಸಮಸ್ಥಿತಿಗೆ ಬರಲು ಕನಿಷ್ಠ 20 ನಿಮಿಷ ಬಿಡುವು ಬೇಕು. ಆ ಹೊತ್ತಿನಲ್ಲಿ ಮುಂದಿನ ಉತ್ತರವನ್ನು ಮನಸ್ಸಿನಲ್ಲೇ ಮಸೆಯುತ್ತಾ ಕೂತರೆ ಬಿಡುವು ತೆಗೆದುಕೊಂಡೂ ಪ್ರಯೋಜನ ಇಲ್ಲ. ಎದ್ದು ಹೋಗುವಾಗ “ಅರ್ಧ ಗಂಟೆ ಬಿಟ್ಟು ಮಾತಾಡೋಣ” ಎಂದು ಹೇಳಿಯೇ ಹೋಗಿ. ಹೇಳದೆ ಹೋದರೆ ಉಳಿದವರಿಗೆ ಕೇಳಿಸುವುದು ಬಾಗಿಲ ಸದ್ದು ಮಾತ್ರ.

ದಂಪತಿಗಳ ಜಗಳದ ವಿಷಯಗಳಲ್ಲಿ ಶೇ 69ರಷ್ಟು ಪೂರ್ತಿ ಬಗೆಹರಿಯದೆ ಮತ್ತೆ ಮತ್ತೆ ಬರುವಂಥವು ಎಂದೂ ಗಾಟ್‌ಮನ್ ಹೇಳಿದ್ದಾರೆ. ಒಬ್ಬರಿಗೆ ಕೂಡಿಡುವ ಸ್ವಭಾವ, ಇನ್ನೊಬ್ಬರಿಗೆ ಖರ್ಚಿನ ಕೈ. ಒಬ್ಬರಿಗೆ ಜನ ಬೇಕು, ಇನ್ನೊಬ್ಬರಿಗೆ ಮೌನ ಬೇಕು. ಇದು ಒಂದು ಸಂಜೆಯ ಮಾತಿಗೆ ಮುಗಿಯುವುದಿಲ್ಲ. ‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂಬ ಗಾದೆಯನ್ನು ನಂಬಿ, ಬೆಳಗಾದರೂ ಮುಗಿಯಲಿಲ್ಲವಲ್ಲ ಎಂದು ಕಂಗಾಲಾಗಿ ಬರುವವರಿಗೆ ನಾನು ಈ ಅಂಕಿಯನ್ನು ಹೇಳುತ್ತೇನೆ. ಎಷ್ಟೋ ಜನರ ಮುಖ ಅಲ್ಲೇ ಸಡಿಲವಾಗುತ್ತದೆ.

ಇನ್ನೊಂದು ಮಾತು. ಮನೆಯಲ್ಲಿ ಒಬ್ಬರು ಇನ್ನೊಬ್ಬರಿಗೆ ಹೆದರಿ ಬದುಕುತ್ತಿದ್ದರೆ, ಕೈ ಎತ್ತುವುದು, ಬೆದರಿಸುವುದು ಇದ್ದರೆ, ಇದರಲ್ಲಿ ಯಾವುದನ್ನೂ ಪ್ರಯೋಗ ಮಾಡಬೇಡಿ. ಮೊದಲು ನಂಬಿಕೆಯವರ ನೆರವು ಕೇಳಿ. ಅಂಥ ಜೋಡಿ ಬಂದರೆ ನಾನು ಒಟ್ಟಿಗೆ ಕೂರಿಸುವುದಿಲ್ಲ, ಬೇರೆ ಬೇರೆಯಾಗಿಯೇ ಮಾತಾಡಿಸುತ್ತೇನೆ.