ಡೋರಾ ಪೆಯಾಚೆವಿಚ್ ಅವರ ಹೆಸರು ನಮ್ಮನ್ನೇಕೆ ತಲುಪಲಿಲ್ಲ?

ಪ್ರಶ್ನೆ: ಕ್ರೊಯೇಷ್ಯಾದ ಡೋರಾ ಪೆಯಾಚೆವಿಚ್ ಅವರು ಇಡೀ ವಾದ್ಯವೃಂದಕ್ಕಾಗಿ ಬರೆದ ಸಿಂಫನಿಯನ್ನು ಈಚೆಗೆ ಕೇಳಿದೆ. ಇಷ್ಟು ಸತ್ವವುಳ್ಳ ಸಂಗೀತ ಬರೆದವರ ಹೆಸರು ಈವರೆಗೆ ಕಿವಿಗೇ ಬಿದ್ದಿರಲಿಲ್ಲವಲ್ಲ, ಏಕೆ?

ಉತ್ತರ: ಬದುಕಿದ್ದಾಗ ಅವರನ್ನು ಯಾರೂ ಗುರುತಿಸಿರಲಿಕ್ಕಿಲ್ಲ ಎಂದು ಊಹಿಸುವವರೇ ಹೆಚ್ಚು. ಆದರೆ ಎಫ್ ಶಾರ್ಪ್ ಮೈನರ್ ಎಂಬ ಸ್ವರಶ್ರೇಣಿಯಲ್ಲಿರುವ ಆ ಸಿಂಫನಿಯ ಕೆಲವು ಭಾಗಗಳನ್ನು 1918ರಲ್ಲಿ ವಿಯೆನ್ನಾದ ಶ್ರೋತೃಗಳು ಕೇಳಿದ್ದರು. 1920ರಲ್ಲಿ ಡ್ರೆಸ್ಡನ್‌ನಲ್ಲಿ ಎಡ್ವಿನ್ ಲಿಂಡ್ನರ್ ನಿರ್ದೇಶನದಲ್ಲಿ ಇಡೀ ಕೃತಿ ಮೊಳಗಿತು. ಮರೆವು ಕವಿದದ್ದು ಆಮೇಲೆ.

ಡೋರಾ ಹುಟ್ಟಿದ್ದು 1885ರಲ್ಲಿ, ಬುಡಾಪೆಸ್ಟ್‌ನಲ್ಲಿ. ತಂದೆ ತೆಯೊದೊರ್ ಪೆಯಾಚೆವಿಚ್ ಕ್ರೊಯೇಷ್ಯಾ-ಸ್ಲಾವೊನಿಯದ ‘ಬಾನ್’, ಅಂದರೆ ಪ್ರಾಂತ್ಯಾಧಿಪತಿ ಆಗಿದ್ದವರು; ಹಂಗೇರಿಯ ಮನೆತನದ ತಾಯಿ ಸ್ವತಃ ಪಿಯಾನೊ ಬಲ್ಲವರು. ಕ್ರೊಯೇಷ್ಯಾದ ಪೂರ್ವಭಾಗವಾದ ಸ್ಲಾವೊನಿಯದ ನಾಶಿತ್ಸೆ ಊರಿನ ಅರಮನೆಯಲ್ಲಿ ಬೆಳೆದ ಡೋರಾ ಹನ್ನೆರಡನೆಯ ವಯಸ್ಸಿಗೇ ಸಂಯೋಜನೆಗೆ ತೊಡಗಿದರು. ಜಾಗ್ರೆಬ್, ಡ್ರೆಸ್ಡನ್, ಮ್ಯೂನಿಕ್‌ಗಳಲ್ಲಿ ಗುರುಗಳ ಬಳಿ ಪಾಠ ಹೇಳಿಸಿಕೊಂಡರೂ, ಬಹುಪಾಲು ಕಲಿತದ್ದು ತಮ್ಮಷ್ಟಕ್ಕೆ ತಾವೇ.

ಹತ್ತೊಂಬತ್ತರ ಹರೆಯದಲ್ಲಿ ಪಿಯಾನೊಗಾಗಿ ಬರೆದ ‘ಹೂಗಳ ಬದುಕು’ ಎಂಬ ಎಂಟು ಕಿರುಕೃತಿಗಳ ಮಾಲೆಯನ್ನು ನೋಡಿ. ಮಂಜು ಕರಗುವ ಹೊತ್ತಿಗೆ ತಲೆಯೆತ್ತುವ ಪುಟ್ಟ ಬಿಳಿ ಹೂವಿನಿಂದ ಮೊದಲಾಗಿ, ವಯೊಲೆಟ್, ಗುಲಾಬಿ, ಕೆಂಪು ಕಾರ್ನೇಷನ್, ಲಿಲಿಗಳನ್ನು ದಾಟಿ, ಶರತ್ಕಾಲದ ಸೇವಂತಿಗೆಯಲ್ಲಿ ಅದು ನಿಲ್ಲುತ್ತದೆ. ಹೂಗಳ ಹೆಸರನ್ನು ಸಾಲಾಗಿ ಓದಿದರೇ ಒಂದು ವರ್ಷ ಕಣ್ಮುಂದೆ ಹಾದುಹೋಗುತ್ತದೆ. ಅಲ್ಲಿಂದ ಪಿಯಾನೊ ಮತ್ತು ವಾದ್ಯವೃಂದ ಜೊತೆಯಾಗಿ ನುಡಿಸುವ 1913ರ ಪಿಯಾನೊ ಕನ್ಚರ್ಟೊದವರೆಗೆ ಅವರು ಕ್ರಮಿಸಿದ ದೂರ ನನಗೆ ಇಂದಿಗೂ ಬೆರಗು. ಕ್ರೊಯೇಷ್ಯಾದ ಸಂಗೀತದಲ್ಲಿ ಆ ಪ್ರಕಾರದ ಮೊದಲ ಕೃತಿಯೆಂದೇ ಅದಕ್ಕೆ ಮನ್ನಣೆಯಿದೆ.

ಮೊದಲ ಮಹಾಯುದ್ಧದ ದಿನಗಳಲ್ಲಿ ಡೋರಾ ನಾಶಿತ್ಸೆಯಲ್ಲಿ ಗಾಯಾಳು ಸೈನಿಕರ ಶುಶ್ರೂಷೆ ಮಾಡಿದರು. ಜರ್ಮನ್ ಭಾಷೆಯ ಕವಿ ರಿಲ್ಕೆಯ ಕವಿತೆಗಳಿಗೆ ಕಟ್ಟಿದ ಹಾಡುಗಳು, ಪಿಟೀಲು-ಪಿಯಾನೊಗಳ ‘ಸ್ಲಾವಿಕ್ ಸೊನಾಟಾ’, ಬಿ ಮೈನರ್‌ನ ಪಿಯಾನೊ ಕ್ವಿಂಟೆಟ್ (ಪಿಯಾನೊ ಸೇರಿ ಐದು ವಾದ್ಯಗಳ ಕೃತಿ), ನೀವು ಕೇಳಿದ ಸಿಂಫನಿ, ಎಲ್ಲವೂ ಆ ವರ್ಷಗಳವೇ. ಸುತ್ತ ನೋವೇ ತುಂಬಿದ್ದಾಗ ಬರೆಯುವ ಕೈ ಸೋಲಲಿಲ್ಲ, ಇನ್ನಷ್ಟು ಗಟ್ಟಿಯಾಯಿತು.

1921ರಲ್ಲಿ ಒಟ್ಟೊಮಾರ್ ಫಾನ್ ಲುಂಬೆ ಅವರನ್ನು ಮದುವೆಯಾಗಿ ಡೋರಾ ಮ್ಯೂನಿಕ್‌ನಲ್ಲಿ ನೆಲೆಸಿದರು. ಬಸುರಿಯಾಗಿದ್ದಾಗ, ಹೆರಿಗೆಯಲ್ಲಿ ತಾವು ಉಳಿಯದೆ ಹೋಗಬಹುದೆಂಬ ಅಳುಕಿನಿಂದ ಗಂಡನಿಗೊಂದು ಪತ್ರ ಬರೆದಿಟ್ಟರು: ಮಗು ಗಂಡಾಗಲಿ ಹೆಣ್ಣಾಗಲಿ, ಗಿಡದಂತೆ ತನ್ನ ಪಾಡಿಗೆ ಬೆಳೆಯಲು ಬಿಡಿ, ಪ್ರತಿಭೆಯ ವಿಷಯದಲ್ಲಿ ಭೇದ ಮಾಡಬೇಡಿ ಎಂಬುದು ಅದರ ಸಾರ. ಇಷ್ಟು ತಿಳಿಯಾದ ಮಾತನ್ನು ಆ ಕಾಲದ ಸಂಗೀತಗಾರರ ಪತ್ರಗಳಲ್ಲಿ ನಾನು ಬೇರೆಲ್ಲೂ ಓದಿಲ್ಲ. ಅವರ ಅಳುಕು ನಿಜವಾಯಿತು. 1923ರ ಜನವರಿ 30ರಂದು ಮಗ ಹುಟ್ಟಿದ; ಮಾರ್ಚ್ 5ರಂದು, ಮೂವತ್ತೇಳರ ವಯಸ್ಸಿನಲ್ಲಿ, ತಾಯಿ ತೀರಿಕೊಂಡರು.

ನಿಮ್ಮ ಪ್ರಶ್ನೆಯ ‘ಏಕೆ’ ಇರುವುದು ಇಲ್ಲಿಂದ ಮುಂದೆ. ಅವರ ಸಂಗೀತ ಅರಳಿದ ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯ ಅದಾಗಲೇ ಅಳಿದಿತ್ತು. ಕೃತಿಗಳಲ್ಲಿ ಹೆಚ್ಚಿನವು ಅಚ್ಚಾಗದೆ ಹಸ್ತಪ್ರತಿಯಲ್ಲೇ ಉಳಿದಿದ್ದವು. ಸ್ವರಲಿಪಿ ಕೈಗೆ ಸಿಗದಿದ್ದರೆ ಎಂಥ ವಾದ್ಯವೃಂದವಾದರೂ ನುಡಿಸುವುದು ಹೇಗೆ? 1945ರ ಬಳಿಕದ ಸಮಾಜವಾದಿ ಯುಗೊಸ್ಲಾವಿಯದಲ್ಲಿ ಸಿರಿವಂತ ಜಮೀನ್ದಾರ ಮನೆತನದ ಮಗಳನ್ನು ಎತ್ತಿ ಹಿಡಿಯುವ ಉತ್ಸಾಹವೂ ಯಾರಿಗೂ ಇರಲಿಲ್ಲ. ಹೆಣ್ಣಿನ ಸಂಗೀತವನ್ನು ಹವ್ಯಾಸವೆಂದು ಬದಿಗಿಡುವ ರೂಢಿ ಇವೆಲ್ಲಕ್ಕೂ ಜೊತೆಗೂಡಿತು.

ಆ ಮೌನವನ್ನು ಮುರಿದವರಲ್ಲಿ ಮುಖ್ಯರು ಸಂಗೀತಶಾಸ್ತ್ರಜ್ಞೆ ಕೊರಾಲ್ಕಾ ಕೊಸ್. 1980ರ ದಶಕದಲ್ಲಿ ಡೋರಾ ಅವರ ಬದುಕು, ಕೃತಿಗಳ ಕುರಿತು ಅವರು ಪ್ರಕಟಿಸಿದ ಅಧ್ಯಯನವೇ ಮುಂದಿನವರಿಗೆ ಬುನಾದಿ. ಸಕಾರಿ ಒರಾಮೊ ನಿರ್ದೇಶನದಲ್ಲಿ ಬಿಬಿಸಿ ಸಿಂಫನಿ ಆರ್ಕೆಸ್ಟ್ರಾ ನುಡಿಸಿರುವ, 2022ರಲ್ಲಿ ಹೊರಬಂದ ಧ್ವನಿಮುದ್ರಿಕೆಯಲ್ಲಿ ಸಿಂಫನಿ, ಕನ್ಚರ್ಟೊ ಎರಡೂ ಇವೆ. ಸಿಂಫನಿಯನ್ನು ಈಗಾಗಲೇ ಕೇಳಿರುವ ನೀವು ಇನ್ನು ಬಿ ಮೈನರ್ ಕ್ವಿಂಟೆಟ್‌ನತ್ತ ಹೊರಳಬೇಕೆಂಬುದು ನನ್ನ ಸಲಹೆ. ಐದೇ ವಾದ್ಯಗಳಾದ್ದರಿಂದ ಒಂದರ ರಾಗವನ್ನು ಇನ್ನೊಂದು ಎತ್ತಿಕೊಳ್ಳುವುದು ಅಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ.