2147483647: ಈ ಸಂಖ್ಯೆಯ ವಿಶೇಷವೇನು?

ನಮ್ಮ ರೂಢಿಯಲ್ಲಿ ಓದಿದರೆ ಇನ್ನೂರ ಹದಿನಾಲ್ಕು ಕೋಟಿ ಎಪ್ಪತ್ತನಾಲ್ಕು ಲಕ್ಷ ಎಂಬತ್ತಮೂರು ಸಾವಿರದ ಆರುನೂರ ನಲವತ್ತೇಳು. ನೋಡಲು ಲಯವಿಲ್ಲದ ಅಂಕಿಸಾಲು. ದ್ವಿಮಾನ ಪದ್ಧತಿಯಲ್ಲಿ ಬರೆದರೆ ಮಾತ್ರ ಗುಟ್ಟು ಬಯಲಾಗುತ್ತದೆ: ಸಾಲಾಗಿ 31 ಒಂದುಗಳು, ಒಂದೂ ಸೊನ್ನೆಯಿಲ್ಲ. ಅಂದರೆ 2³¹ − 1.

2ರ ಘಾತದಲ್ಲಿ ಒಂದು ಕಳೆದಾಗ ಸಿಗುವ ಅವಿಭಾಜ್ಯಕ್ಕೆ ಮರ್ಸೆನ್ ಅವಿಭಾಜ್ಯ ಎಂದು ಹೆಸರು. ಇದು ಆ ಸಾಲಿನಲ್ಲಿ ಎಂಟನೆಯದು. ಘಾತಾಂಕ ಅವಿಭಾಜ್ಯವಾಗಿದ್ದರೆ ಸಾಕು ಅಂದುಕೊಳ್ಳಬೇಡಿ: 2¹¹ − 1 = 2047 = 23 × 89. ಫ್ರೆಂಚ್ ಪಾದ್ರಿ ಮರ್ಸೆನ್ 1644ರಲ್ಲಿ ಕೊಟ್ಟ ಘಾತಾಂಕಗಳ ಪಟ್ಟಿಯಲ್ಲಿ 31 ಇತ್ತು, ತಪ್ಪಾಗಿ 67 ಕೂಡ ಇತ್ತು. 31ರ ಮಟ್ಟಿಗೆ ಪಟ್ಟಿ ಸರಿ ಎಂದು 1772ರಲ್ಲಿ ಸಾಧಿಸಿದವರು ಗಣಿತಜ್ಞ ಆಯ್ಲರ್. ಆಗ ಅವರಿಗೆ ಕಣ್ಣು ಬಹುಪಾಲು ಹೋಗಿತ್ತು.

ಇದರ ವರ್ಗಮೂಲ 46340ಕ್ಕಿಂತ ತುಸು ಹೆಚ್ಚು. ಹಾಗಾಗಿ 46340ರವರೆಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಬೇಕು. ಅವು ಸುಮಾರು 4800. ಆಯ್ಲರ್ ಇದನ್ನು ಜರಡಿ ಹಿಡಿದರು. ‘ಪ’ ಎಂಬ ಅವಿಭಾಜ್ಯ ಇದನ್ನು ಭಾಗಿಸುವುದಾದರೆ, 2³¹ ಅನ್ನು ‘ಪ’ದಿಂದ ಭಾಗಿಸಿದಾಗ ಶೇಷ 1. ಅದಕ್ಕಿಂತ ಸಣ್ಣ ಘಾತಕ್ಕೆ ಶೇಷ 1 ಬರದು, ಏಕೆಂದರೆ 31 ಅವಿಭಾಜ್ಯ. ಫರ್ಮಾ ಪ್ರಮೇಯದ ಪ್ರಕಾರ 2ರ (ಪ − 1)ನೇ ಘಾತಕ್ಕೂ ಶೇಷ 1, ಹಾಗಾಗಿ ಪ − 1 ಎಂಬುದು 31ರ ಗುಣಕವಾಗಲೇಬೇಕು. ‘ಪ’ ಬೆಸವಾದ್ದರಿಂದ 62ರ ಗುಣಕ. ಇನ್ನೊಂದು ಕಟ್ಟು: 2³²ರ ಶೇಷ 2. 2³² ಎಂಬುದು 2¹⁶ರ ವರ್ಗ. ಅಂದರೆ ‘ಪ’ದಿಂದ ಭಾಗಿಸಿದಾಗ ಶೇಷ 2 ಬಿಡುವ ವರ್ಗಸಂಖ್ಯೆಯೊಂದಿದೆ, ಆದ್ದರಿಂದ ‘ಪ’ವನ್ನು 8ರಿಂದ ಭಾಗಿಸಿದರೆ ಶೇಷ 1 ಅಥವಾ 7. ಎರಡನ್ನೂ ಕೂಡಿಸಿದರೆ ‘ಪ’ವನ್ನು 248ರಿಂದ ಭಾಗಿಸಿದಾಗ ಶೇಷ 1 ಅಥವಾ 63 ಮಾತ್ರ. 311, 1303, 1489... ಹೀಗೆ ಉಳಿಯುವವು ಸುಮಾರು 80. ಒಂದೂ ಭಾಗಿಸುವುದಿಲ್ಲ.

ಇದನ್ನು 2³⁰ರಿಂದ ಗುಣಿಸಿದರೆ 2305843008139952128, ಒಂದು ಪರಿಪೂರ್ಣ ಸಂಖ್ಯೆ, ಅಂದರೆ ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತಕ್ಕೆ ಸಮವಾದದ್ದು.

ಕಂಪ್ಯೂಟರಿನವರಿಗೆ ಇದರ ಗುರುತು ಬೇರೆ: ಚಿಹ್ನೆಸಹಿತ 32 ಬಿಟ್ (ಸೊನ್ನೆ ಅಥವಾ ಒಂದು ಹಿಡಿಯುವ ಮನೆ) ಪೂರ್ಣಾಂಕದ ಗರಿಷ್ಠ ಬೆಲೆ. ಒಂದು ಬಿಟ್ ಚಿಹ್ನೆಗೆ ಹೋಗುತ್ತದೆ, ಉಳಿದ 31ರಲ್ಲೂ ಒಂದು ತುಂಬಿದರೆ ಇದೇ. ಮತ್ತೊಂದು ಕೂಡಿಸಿದರೆ ಸಾಮಾನ್ಯವಾಗಿ −2147483648ಕ್ಕೆ ಉರುಳುತ್ತದೆ. 1970ರಿಂದ ಸೆಕೆಂಡು ಎಣಿಸುವ ಹಳೆಯ ವ್ಯವಸ್ಥೆಗಳಲ್ಲಿ ಎಣಿಕೆ ಈ ಗರಿಷ್ಠ ಬೆಲೆ ಮುಟ್ಟುವ ಗಳಿಗೆ 2038ರ ಜನವರಿ 19ರಂದು, ಭಾರತೀಯ ಕಾಲಮಾನ ಬೆಳಿಗ್ಗೆ 8:44:07ಕ್ಕೆ ಬರುತ್ತದೆ.

ತಮಾಷೆಯೆಂದರೆ, ಇದು ಅವಿಭಾಜ್ಯವೇ ಎಂದು ಜಾವಾ ಪ್ರೋಗ್ರಾಮಿಂಗ್ ಭಾಷೆಯ ‘ಇಂಟ್’ (ಇದೇ ಚಿಹ್ನೆಸಹಿತ 32 ಬಿಟ್ ಪೂರ್ಣಾಂಕ) ಬಳಸಿ ಪರೀಕ್ಷಿಸುವಾಗಲೇ ಅನೇಕ ಪ್ರೋಗ್ರಾಂಗಳು ಎಡವುತ್ತವೆ. ‘ಭಾಜಕ × ಭಾಜಕ ≤ ಸಂಖ್ಯೆ’ ಇರುವವರೆಗೆ ಮುಂದುವರಿ ಎಂದು ಬರೆದಿರುತ್ತಾರೆ. ಭಾಜಕ 46341 ಆದಾಗ ಗುಣಲಬ್ಧ 2147488281 ಬರಬೇಕು. ಅದು ಹಿಡಿಸದೆ −2147479015 ಆಗುತ್ತದೆ. ಋಣಸಂಖ್ಯೆ ಚಿಕ್ಕದೇ ತಾನೆ, ಲೂಪ್ ನಿಲ್ಲುವುದಿಲ್ಲ. ‘ಇಂಟ್’ನಲ್ಲಿ ಇದಕ್ಕಿಂತ ದೊಡ್ಡ ಬೆಲೆಯೇ ಇಲ್ಲವಾದ್ದರಿಂದ ಷರತ್ತು ಎಂದೂ ಸುಳ್ಳಾಗದು. ಇನ್ನೂರು ಕೋಟಿಗೂ ಮಿಕ್ಕಿ ಸುತ್ತು ಹೊಡೆದು, ಕೊನೆಗೆ ಸಂಖ್ಯೆಯನ್ನು ಅದರಿಂದಲೇ ಭಾಗಿಸಿ, ಶೇಷ ಸೊನ್ನೆ ಕಂಡು ‘ಅವಿಭಾಜ್ಯವಲ್ಲ’ ಎಂದು ತೀರ್ಪು ಕೊಡುತ್ತದೆ. ಷರತ್ತನ್ನು ‘ಭಾಜಕ ≤ ಸಂಖ್ಯೆ ÷ ಭಾಜಕ’ ಎಂದು ತಿರುಗಿಸಿ ಬರೆದರೆ ಲೂಪ್ 46341ಕ್ಕೇ ನಿಲ್ಲುತ್ತದೆ.